ಎರಡು ತಾಯಿ ಕಾರ್ಡುಗಳು

ಕಾರವಾರ ಸೀಮೆಯ ಒಂದು ಆಸ್ಪತ್ರೆಯಲ್ಲಿ ಗರ್ಭಿಣಿಯರ ತಪಾಸಣೆಗೆ ಬರುವ ಎಎನ್‌ಎಂ (ಸಹಾಯಕ ದಾದಿ-ಸೂಲಗಿತ್ತಿ) ವಿದ್ಯಾರ್ಥಿನಿಯರಿಗೆ ಕೆಲಸ ಕಲಿಸುವುದು ನನ್ನ ಹೊಣೆ. ಒಂದು ಬೆಳಿಗ್ಗೆ ಒಬ್ಬಳೇ ವಿದ್ಯಾರ್ಥಿನಿ ತುಂಬಿದ ಎರಡು ತಾಯಿ ಕಾರ್ಡುಗಳು ನನ್ನ ಮೇಜಿಗೆ ಬಂದವು. ಬೋಟಿಗೆ ಹೋಗುವವರ ಪತ್ನಿಯ ರಕ್ತಪರೀಕ್ಷೆಯ ಚೀಟಿಯಲ್ಲಿ ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ಪರೀಕ್ಷೆ) ಎಲ್ಲವೂ ಇದ್ದವು. ಶಾಲಾ ಶಿಕ್ಷಕರ ಪತ್ನಿಯ ಚೀಟಿಯಲ್ಲಿ ಕೊನೆಯ ಎರಡು ಇರಲಿಲ್ಲ. ಕಾರಣ ಕೇಳಿದಾಗ ಅವಳು ತಗ್ಗಿದ ದನಿಯಲ್ಲಿ, "ಮೇಡಂ, ಅವರು ಒಳ್ಳೆಯ ಮನೆಯವರು, ಬೇಜಾರು ಮಾಡಿಕೊಂಡಾರು ಎಂದು ಬರೆಯಲಿಲ್ಲ" ಎಂದಳು.

ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ, ಏಕೆಂದರೆ ಆ ತಪ್ಪಿನ ಬೇರು ನಮ್ಮ ಪಾಠದಲ್ಲಿಯೇ ಇತ್ತು. ಲೈಂಗಿಕ ಸೋಂಕಿನ ಅಧ್ಯಾಯವನ್ನು ನಾವು ಹುಣ್ಣಿನ ಚಿತ್ರಗಳಿಂದಲೂ "ಅಪಾಯದ ಗುಂಪು"ಗಳ ಪಟ್ಟಿಯಿಂದಲೂ ಆರಂಭಿಸುತ್ತಿದ್ದೆವು. ರೋಗವಿದ್ದರೆ ಕಣ್ಣಿಗೆ ಕಾಣುತ್ತದೆ, ಅದು ಇಂಥವರಿಗಷ್ಟೇ ಬರುತ್ತದೆ ಎಂದು ಹುಡುಗಿಯರು ಅರ್ಥಮಾಡಿಕೊಂಡರೆ ಅದು ಅವರೊಬ್ಬರ ತಪ್ಪಲ್ಲ. ನಿಜವೆಂದರೆ ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಹೆಂಗಸರಲ್ಲಿ ಅದು ಎಷ್ಟೋ ಸಲ ಒಳಗೇ ಎದ್ದು, ಔಷಧವಿಲ್ಲದೆಯೂ ಮಾಯ್ದುಹೋಗುತ್ತದೆ, ಆದರೆ ಸೋಂಕು ಮೈಯಲ್ಲಿ ಉಳಿದು ಮಾಸಿನ ಮೂಲಕ ಮಗುವನ್ನು ಮುಟ್ಟಿ ಗರ್ಭಪಾತಕ್ಕೋ ಹೊಟ್ಟೆಯಲ್ಲೇ ಮಗು ಸಾಯುವುದಕ್ಕೋ ಕಾರಣವಾಗಬಲ್ಲದು. ಸಕಾಲದಲ್ಲಿ ಗೊತ್ತಾದರೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್, ಆರಂಭದ ಹಂತದಲ್ಲಿ ಒಂದೇ ಸಲ, ಸೋಂಕು ಹಳೆಯದಾಗಿದ್ದರೆ ವಾರಕ್ಕೊಂದರಂತೆ ಮೂರು ಸಲ ಕೊಟ್ಟು ತಾಯಿ-ಮಗು ಇಬ್ಬರನ್ನೂ ಉಳಿಸಿಕೊಳ್ಳಬಹುದು. ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಅದು ಆರಂಭವಾಗಿರಬೇಕು. ಆದುದರಿಂದಲೇ ಮೊದಲ ಭೇಟಿಯಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಬಿಳಿ ಸೆರಗು ಎಂದೊಡನೆ ಕೆಲವರು ಕೆಟ್ಟ ರೋಗವೆಂದು ಶಂಕಿಸುತ್ತಾರೆ. ಬಸುರಿನಲ್ಲಿ ಬಿಳಿ ಹೋಗುವುದು ಹೆಚ್ಚಾಗುವುದು ಸಹಜ. ತುರಿಕೆಯೊಡನೆ ಮೊಸರಿನಂತೆ ಹೋದರೆ ಅದು ಬಹುಪಾಲು ಕ್ಯಾಂಡಿಡಾ ಶಿಲೀಂಧ್ರದ ಕಾಟ, ಅದನ್ನು ಲೈಂಗಿಕ ರೋಗವೆಂದು ಎಣಿಸುವುದಿಲ್ಲ. ಶೌಚಾಲಯದಿಂದ ಸಿಫಿಲಿಸ್ ಅಂಟುತ್ತದೆ ಎಂಬ ಭಯವೂ ಆಧಾರವಿಲ್ಲದ್ದು. ಇವಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಹೆಂಡತಿಗೆ ಚುಚ್ಚುಮದ್ದು ಕೊಟ್ಟೊಡನೆ ಕೆಲಸ ಮುಗಿಯಿತೆಂಬ ನಂಬಿಕೆ. ಗಂಡನಿಗೂ ಪರೀಕ್ಷೆ, ಚಿಕಿತ್ಸೆ ಆಗದಿದ್ದರೆ ಸೋಂಕು ಮತ್ತೆ ಅವಳಿಗೇ ಮರಳಬಹುದು.

ಆ ದಿನ ಶಿಕ್ಷಕರ ಪತ್ನಿ ಇನ್ನೂ ಔಷಧದ ಕಿಟಕಿಯ ಸಾಲಿನಲ್ಲಿಯೇ ಇದ್ದರು. ವಿದ್ಯಾರ್ಥಿನಿ ಅವರನ್ನು ಪಕ್ಕದ ಕೋಣೆಗೆ ಕರೆದು, "ಅಕ್ಕ, ಬಸುರಾದ ಎಲ್ಲರಿಗೂ ಮಾಡುವ ಎರಡು ಪರೀಕ್ಷೆ ನಾನು ಬರೆಯದೆ ಬಿಟ್ಟಿದ್ದೆ, ವರದಿ ಗುಟ್ಟಾಗಿರುತ್ತದೆ, ನೀವು ಒಪ್ಪಿದರೆ ಮಾತ್ರ" ಎಂದು ಕೇಳಿದಳು. ಅವರು ಸೆರಗು ಸರಿಸಿ ತೋಳು ಚಾಚಿದರು. ಸೂಜಿ ತೆಗೆದು ಹತ್ತಿ ಒತ್ತುತ್ತಿದ್ದಾಗ ಅವರೇ, "ಹಾಗಾದರೆ ನಮ್ಮ ಯಜಮಾನರಿಗೂ ಮಾಡಿಸಬಹುದಲ್ಲ?" ಎಂದು ವಿಚಾರಿಸಿದರು.