ಒಪ್ಪದವರು ಏನನ್ನುತ್ತಾರೆ?

ಚರ್ಚಾಕೂಟಕ್ಕೆ ಸೇರಿದ ಹೊಸದರಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಭಾಷಣ ಅಂದರೆ ಏರುದನಿ, ಕೈಸನ್ನೆ, ನಡುವೆ ಒಂದೆರಡು ಕವಿತೆಯ ಸಾಲು. ಕೂಟ ನಡೆಸುತ್ತಿದ್ದ ಮೇಡಂ ಇವನ್ನು ಬೇಡ ಅನ್ನಲಿಲ್ಲ. ಆದರೆ ಯಾರ ಮಾತು ಮುಗಿದರೂ ಅವರು ಎರಡು ಪ್ರಶ್ನೆ ಕೇಳುತ್ತಿದ್ದರು. "ಇದು ನಿನಗೆ ಹೇಗೆ ಗೊತ್ತು?" "ಒಪ್ಪದವರು ಇದಕ್ಕೆ ಏನನ್ನುತ್ತಾರೆ?" ನಾನು ಮಾತಾಡಲು ಕಲಿತದ್ದು ಈ ಪ್ರಶ್ನೆಗಳಿಂದಲೇ.

ಶಾಲೆಗಳಲ್ಲಿ ಮೊಬೈಲ್ ನಿಷೇಧಿಸಬೇಕು ಎಂದು ಗೆಳೆಯನೊಬ್ಬ ಒಮ್ಮೆ ವಾದಿಸಿದ. ನಿಷೇಧ ಬಂದ ವರ್ಷವೇ ಫಲಿತಾಂಶ ಏರಿತು, ಇನ್ನೇನು ಸಾಕ್ಷಿ ಬೇಕು ಅಂದ. "ಆ ವರ್ಷ ಬೇರೇನೂ ಬದಲಾಗಲಿಲ್ವಾ?" ಎಂದರು ಮೇಡಂ. "ಹೊಸ ಮೇಷ್ಟ್ರು ಬಂದಿರಬಹುದು. ಪ್ರಶ್ನೆಪತ್ರಿಕೆ ಸುಲಭ ಇದ್ದಿರಬಹುದು. ನಿಷೇಧ ಇಲ್ಲದ ಶಾಲೆಗಳ ಕಥೆ ಏನು?"

ಆಮೇಲೆ ಬೋರ್ಡಿನ ಮೇಲೆ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನ ಹೇಳುವ, ವಾದ ಕಟ್ಟುವ ಐದು ಹೆಜ್ಜೆಗಳನ್ನು ಬರೆದರು. ಬೆಟ್ಟದಲ್ಲಿ ಬೆಂಕಿ ಇದೆ. ಯಾಕೆಂದರೆ ಹೊಗೆ ಇದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿ ಕಂಡ ಹಾಗೆ. ಈ ಬೆಟ್ಟದಲ್ಲೂ ಅಂಥದ್ದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ವೇದಿಕೆ ಹತ್ತಿದವರು ಮೊದಲೆರಡು ಹೇಳಿ ನೇರ ಕೊನೆಯದಕ್ಕೆ ಹಾರುತ್ತಾರೆ. ಸಾಕ್ಷಿಗೂ ತೀರ್ಮಾನಕ್ಕೂ ಏನು ನಂಟು ಅಂತ ಹೇಳುವುದು ಮೂರನೆಯದು. ಅದನ್ನು ಬಾಯಿಬಿಟ್ಟು ಹೇಳಿ ನೋಡಿದರೆ ವಾದ ಗಟ್ಟಿಯೋ ಟೊಳ್ಳೋ ಮೊದಲು ನಮಗೇ ತಿಳಿಯುತ್ತದೆ. ಸ್ಟೀಫನ್ ಟೂಲ್ಮಿನ್ ಎಂಬ ಚಿಂತಕರು 1958ರಲ್ಲಿ ಬೇರೆಯೇ ದಾರಿಯಿಂದ ಬಂದು ಈ ನಂಟಿನತ್ತಲೇ ಬೊಟ್ಟು ಮಾಡಿದರು. "ಬಹುಶಃ", "ಸಾಮಾನ್ಯವಾಗಿ" ಎಂಬ ಮಾತುಗಳಿಗೂ ಅವರು ವಾದದಲ್ಲಿ ಜಾಗ ಕೊಟ್ಟರು. ಇವು ಅಂಜುಬುರುಕರ ಮಾತು ಅಂತ ಅನೇಕರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಗೊತ್ತಿರುವಷ್ಟನ್ನೇ ಹೇಳುವವರ ಮಾತಿಗೆ ತೂಕ ಜಾಸ್ತಿ.

ಇನ್ನು ನಂಬಿಕೆಯ ವಿಷಯ. ಮಾತುಗಾರರಲ್ಲಿ ಕೇಳುಗರು ವಿವೇಕ, ಒಳ್ಳೆಯ ನಡತೆ, ತಮ್ಮ ಬಗ್ಗೆ ಹಿತದ ಭಾವನೆ ಇವನ್ನು ಕಂಡರೆ ನಂಬುತ್ತಾರೆ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ಆ ನಂಬಿಕೆ ಹಳೆಯ ಹೆಸರಿನಿಂದಲ್ಲ, ಆಡುವ ಮಾತಿನಿಂದಲೇ ಹುಟ್ಟಬೇಕು ಎಂದೂ ಹೇಳಿದ್ದಾನೆ. ಹೆಸರು, ಹುದ್ದೆ ಏನೂ ಇಲ್ಲದ ವಿದ್ಯಾರ್ಥಿಗಳಾದ ನಮಗೆ ಇದು ಎಂಥ ಧೈರ್ಯ ಕೊಟ್ಟಿತು!

ಒಪ್ಪದವರು ಏನನ್ನುತ್ತಾರೆ ಎಂಬ ಮೇಡಂ ಅವರ ಎರಡನೇ ಪ್ರಶ್ನೆ ಇಲ್ಲಿಗೇ ಬರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಹೋವ್‌ಲ್ಯಾಂಡ್ ಮತ್ತು ಸಂಗಡಿಗರು ಅಮೆರಿಕದ ಸೈನಿಕರಿಗೆ ಜಪಾನಿನ ಜೊತೆಗಿನ ಯುದ್ಧ ಬೇಗ ಮುಗಿಯದು ಎಂಬ ವಾದವನ್ನು ಕೇಳಿಸಿದರು. ಕೆಲವರಿಗೆ ಒಂದೇ ಕಡೆಯ ವಾದ, ಕೆಲವರಿಗೆ ಎರಡೂ ಕಡೆಯದು. ಮೊದಲೇ ಒಪ್ಪಿದ್ದವರಿಗೆ ಒಂದು ಕಡೆಯದೇ ಚೆನ್ನಾಗಿ ನಾಟಿತು. ಒಪ್ಪದೇ ಇದ್ದವರನ್ನು ಹೆಚ್ಚು ಬದಲಿಸಿದ್ದು ಎರಡೂ ಕಡೆ ಹೇಳಿದ ವಾದ. ಒಪ್ಪದವರನ್ನು ಒಪ್ಪಿಸಲಿಕ್ಕೇ ಅಲ್ವಾ ನಾವು ಮಾತಾಡುವುದು? ಆದರೆ ಎದುರು ವಾದವನ್ನು ಸುಮ್ನೆ ಎತ್ತಿ ಬಿಟ್ಟರೆ ನಮಗೇ ನಷ್ಟ. ಉತ್ತರ ಕೊಡಲೇಬೇಕು.

ಅದಕ್ಕಾಗಿ ಮೇಡಂ ಒಂದು ಅಭ್ಯಾಸ ಮಾಡಿಸುತ್ತಿದ್ದರು. ಎದುರಿನವರ ವಾದವನ್ನು ಮೊದಲು ನಾವು ಹೇಳಬೇಕು. "ಹೌದು, ನಾನು ಹೇಳೋದು ಇದನ್ನೇ" ಅಂತ ಅವರು ಒಪ್ಪುವವರೆಗೂ ನಮ್ಮ ಉತ್ತರ ಶುರುವಾಗುವಂತಿಲ್ಲ. ಮೆಲುದನಿಯ ಜೂನಿಯರ್ ಹುಡುಗಿಯೊಬ್ಬಳಿಗೆ ಇದು ಬಹಳ ಚೆನ್ನಾಗಿ ಒಲಿದಿತ್ತು. ಸ್ಪರ್ಧೆಯೊಂದರಲ್ಲಿ ಸಭಿಕರೊಬ್ಬರು ಅವಳನ್ನು ಅಂಕಿಅಂಶ ಕೇಳಿದರು. "ಆ ಅಂಕಿ ನನ್ನ ಹತ್ತಿರ ಇಲ್ಲ ಸರ್. ಅದು ನೀವು ಹೇಳಿದಷ್ಟೇ ಇದ್ದರೂ ನನ್ನ ಎರಡನೇ ಕಾರಣ ಹಾಗೇ ಉಳಿಯುತ್ತದೆ" ಅಂದಳು. ಅಲ್ಲಿಂದಾಚೆ ಸಭೆ ಅವಳ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿತು.

ಈಗಿನ ಕೂಟದವರಿಗೆ ನನ್ನದೊಂದು ಕೋರಿಕೆ. ನಿಮ್ಮ ಸ್ಪರ್ಧೆಗಳಲ್ಲಿ ಉಚ್ಚಾರಣೆಗೆ, ಹಾವಭಾವಕ್ಕೆ ಅಂಕ ಕೊಡುವ ಹಾಗೆ ಎದುರು ವಾದವನ್ನು ಸರಿಯಾಗಿ ಹೇಳಿದ್ದಕ್ಕೂ ಅಂಕ ಇಡಿ. ತೀರ್ಪುಗಾರರು ಬೇಕಿದ್ದರೆ ಕರೆಯಿರಿ, ಖಂಡಿತ ಬರುತ್ತೇನೆ.