‘ನಮ್ಮಲ್ಲೇ ಬಡವರಿಲ್ವಾ?’

ಮಲಾವಿಯ ಒಂದು ಹಳ್ಳಿ ಶಾಲೆಗೆ ಅಂತ ನಾವು ಹನ್ನೊಂದು ಜನ ಪ್ರತಿ ತಿಂಗಳು ಸ್ವಲ್ಪ ದುಡ್ಡು ಕೂಡಿಸುತ್ತೇವೆ. ಗೊತ್ತಾದವರೆಲ್ಲ ಕೇಳುವುದು ಒಂದೇ: ‘ನಮ್ಮಲ್ಲೇ ಬಡವರಿಲ್ವಾ? ಆಫ್ರಿಕಾ ಯಾಕೆ?’ ಮದುವೆಮನೆ ಪಂಕ್ತಿಯಲ್ಲೂ ಕೇಳಿದ್ದಾರೆ. ಪಾಯಸ ಬರುವಷ್ಟರಲ್ಲಿ ಹೇಳಿ ಮುಗಿಸುವ ಉತ್ತರ ನನ್ನ ಹತ್ತಿರ ಇರಲಿಲ್ಲ.

ಇದ್ದಾರೆ, ಇಲ್ಲ ಅಂದವರು ಯಾರು? ಆದರೆ ನಾನು ಆರು ವರ್ಷ ಮಲಾವಿಯ ದೊಡ್ಡ ಊರು ಬ್ಲಾಂಟೈರ್‌ನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಅಲ್ಲಿನ ಊಟ ನ್ಸಿಮಾ, ಮುಸುಕಿನ ಜೋಳದ ಹಿಟ್ಟಿನ ಬಿಳಿ ಮುದ್ದೆ. ಮುದ್ದೆ ತಿಂದು ಬೆಳೆದವನಿಗೆ ಅದು ಎರಡೇ ದಿನಕ್ಕೆ ಒಗ್ಗಿತು. ಮುಲಾಂಜೆ ಬೆಟ್ಟದ ಕಡೆ ಟೀ ತೋಟಗಳಿಗೆ ಕೆಲಸದ ಮೇಲೆ ಹೋಗುವಾಗ ದಾರಿಯಲ್ಲೇ ಈ ಶಾಲೆ. ಅರ್ಧ ಶಾಲೆ ಮಾವಿನ ಮರದ ಕೆಳಗೆ ನಡೆಯುತ್ತಿತ್ತು. 1994ರಲ್ಲಿ ಅಲ್ಲಿ ಪ್ರಾಥಮಿಕ ಶಾಲೆಗೆ ಫೀಸು ರದ್ದು ಮಾಡಿದರು. ಮಕ್ಕಳು ಲಕ್ಷಗಟ್ಟಲೆ ಬಂದರು. ಕೋಣೆ, ಮೇಷ್ಟ್ರು ಆ ವೇಗಕ್ಕೆ ಬರಲಿಲ್ಲ.

ಜನವರಿ, ಫೆಬ್ರವರಿ ಇನ್ನೂ ಕಷ್ಟ. ಹಳೇ ಜೋಳ ಖಾಲಿ, ಹೊಸದು ಏಪ್ರಿಲ್ ಹೊತ್ತಿಗೆ. ಇಲ್ಲಿ ನಮ್ಮ ಕರ್ನಾಟಕದಲ್ಲಿ ಬಿಸಿಯೂಟ ಸರ್ಕಾರದ ಹೊಣೆ. ಅಕ್ಷರ ದಾಸೋಹ ಶುರುವಾಗಿದ್ದು 2002ರಲ್ಲಿ. ಅದೇ ವರ್ಷ ಮಲಾವಿಯಲ್ಲಿ ಮೇರೀಸ್ ಮೀಲ್ಸ್ ಅನ್ನುವ ಸ್ಕಾಟ್ಲೆಂಡಿನ ಸಂಸ್ಥೆ 200 ಮಕ್ಕಳಿಗೆ ಊಟ ಕೊಡಲು ಶುರು ಮಾಡಿತು. ಈಗ ಅದು ಬಹಳ ದೊಡ್ಡದು. ಮೆಕ್ಕೆಜೋಳ, ಸೋಯಾ ಹಿಟ್ಟಿನ ಗಂಜಿ, ಅಲ್ಲಿನ ಮಾತಲ್ಲಿ ಫಾಲಾ. ಬೆಳಗಿನ ಜಾವ ಎದ್ದು ಕಾಯಿಸುವವರು ಆಯಾ ಊರಿನ ತಾಯಂದಿರು, ಸಂಬಳ ಇಲ್ಲದೆ. ಆದರೆ ಆ ಗಂಜಿ ಇನ್ನೂ ಎಲ್ಲ ಶಾಲೆಗೂ ಮುಟ್ಟಿಲ್ಲ. ನಮ್ಮ ಶಾಲೆಗೂ ಮುಟ್ಟಿಲ್ಲ.

ಮೊದಲ ವರ್ಷ ನಾವು ಮಾಡಿದ್ದು ಪೆದ್ದುತನ. ಬಣ್ಣಬಣ್ಣದ ಬ್ಯಾಗ್ ಹಂಚಿ, ಫೋಟೊ ತೆಗೆಸಿಕೊಂಡು ಬಂದೆವು. ಬ್ಯಾಗಲ್ಲಿ ಹಾಕಿಕೊಳ್ಳೋಕೆ ಪುಸ್ತಕ ಇರಲಿಲ್ಲ! ಮುಂದಿನ ಸಲ ಹೋದಾಗ ಶಾಲೆಯ ಬೋರಿನ ಕೈಪಂಪು ಕೆಟ್ಟಿತ್ತು. ಹೆಣ್ಣುಮಕ್ಕಳು ಪಾಠ ಬಿಟ್ಟು ಹಳ್ಳದಿಂದ ನೀರು ಹೊರುತ್ತಿದ್ದರು. ಏನು ಬೇಕು ಅಂತ ಆಗ ಮೊದಲ ಸಲ ಕೇಳಿದೆವು. ಮುಖ್ಯ ಮೇಷ್ಟ್ರು ಹೇಳಿದ್ದು: ‘ರಬ್ಬರು.’

ಅದು ಆಫ್ರಿಡೆವ್ ಪಂಪು. ಊರಿನವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಮಾಡಿರುವುದು, ಒಂದೇ ಸ್ಪ್ಯಾನರ್‌ನಲ್ಲಿ ಬಿಚ್ಚಬಹುದು. ಸವೆಯುವುದು ಒಳಗಿನ ಯು-ಸೀಲ್ ಅನ್ನುವ ರಬ್ಬರು ಮತ್ತು ಬಾಬಿನ್ ಅನ್ನುವ ಸಣ್ಣ ಭಾಗ. ದೊಡ್ಡ ಸಂಸ್ಥೆ ಬಂದು ಬೋರು ತೋಡಿಸಿ, ಬೋರ್ಡು ಹಾಕಿ ಹೋಗುತ್ತದೆ. ಐದು ವರ್ಷ ಬಿಟ್ಟು ಸೀಲ್ ಕೊಡಿಸೋಕೆ ಯಾರು ಬರ್ತಾರೆ? ಆ ಕೆಲಸ ನಮ್ಮಂಥ ಪುಟ್ಟ ಗುಂಪಿಗೆ ಸರಿ ಅನಿಸಿತು. ಈಗ ಊರಿನ ಇಬ್ಬರು ಹೆಂಗಸರು ರಿಪೇರಿ ಕಲಿತಿದ್ದಾರೆ. ಬಿಡಿಭಾಗದ ಡಬ್ಬಿ ಮೇಷ್ಟ್ರ ಬೀರುವಿನಲ್ಲಿದೆ. ಉಳಿದ ದುಡ್ಡು ನೋಟ್‌ಬುಕ್ಕಿಗೆ, ಜೋಳ ಖಾಲಿಯಾಗುವ ಆ ಎರಡು ತಿಂಗಳ ಗಂಜಿಗೆ.

2023 ನಮ್ಮ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ. ಮುಲಾಂಜೆ ಸುತ್ತಮುತ್ತ ಶಾಲೆಗಳೇ ನಿರಾಶ್ರಿತರ ಮನೆಗಳಾದವು. ನವೆಂಬರ್‌ನಲ್ಲಿ ಅಲ್ಲಿನ ರಿಸರ್ವ್ ಬ್ಯಾಂಕು ಕ್ವಾಚಾದ, ಅಂದರೆ ಮಲಾವಿ ದುಡ್ಡಿನ, ಬೆಲೆ ಇಳಿಸಿತು; ಡಾಲರ್ ಒಂದೇ ಏಟಿಗೆ ಸುಮಾರು 44% ತುಟ್ಟಿಯಾಯಿತು. ಹೊರಗಿನ ದುಡ್ಡು ಜಾಸ್ತಿ ಬಾಳುತ್ತದೆ ಅಂತ ನಾನು ಲೆಕ್ಕ ಹಾಕಿದೆ. ಹಿಟ್ಟಿನ ಬೆಲೆ ಅದನ್ನು ಬೇಗ ನುಂಗಿಹಾಕಿತು.

ಅಂದರೆ ನನ್ನ ಉತ್ತರ ಇಷ್ಟೇ. ಅಲ್ಲಿ ಯಾರನ್ನು ಕೇಳಬೇಕು ಅಂತ ನನಗೆ ಗೊತ್ತು. ಸುಳ್ಳು ಹೇಳಿದರೆ ಹಿಡಿಯೋಕೂ ಗೊತ್ತು, ನಮ್ಮವರಲ್ಲಿ ನಾಲ್ಕು ಜನ ಇನ್ನೂ ಬ್ಲಾಂಟೈರ್‌ನಲ್ಲೇ ಇದ್ದಾರಲ್ಲ. ನಿಮಗೆ ಅಂಥ ಗುರುತು ಪಾವಗಡದಲ್ಲೋ ಸುರಪುರದಲ್ಲೋ ಇದ್ದರೆ ಅಲ್ಲೇ ಕೊಡಿ, ನನ್ನ ತಕರಾರಿಲ್ಲ.

ಈ ವರ್ಷ ಮೇಷ್ಟ್ರು ಬೆಂಚು ಕೇಳಿದ್ದಾರೆ. ಮರದ್ದು ಬೇಡ, ಕಬ್ಬಿಣದ್ದೇ ಆಗಲಿ ಅಂದಿದ್ದಾರೆ. ಗೆದ್ದಲು ವಿಪರೀತವಂತೆ.