ಹೂಳೆತ್ತಿದ ಹುಡುಗರು

ಕ್ರೈಸ್ಟ್‌ಚರ್ಚ್‌ನ ಹಳಬರನ್ನು ಭೂಕಂಪದ ಬಗ್ಗೆ ಕೇಳಿ ನೋಡಿ, ಸ್ವಲ್ಪ ಹೊತ್ತಿಗೆ ಮಾತು ಹೂಳಿನ ಕಡೆ ತಿರುಗುತ್ತದೆ. ನ್ಯೂಜಿಲೆಂಡಿನ ಈ ಊರಿಗೆ ನಾವು ಬಂದದ್ದು ಅದೆಲ್ಲ ಮುಗಿದು ಎಷ್ಟೋ ವರ್ಷಗಳ ಮೇಲೆ. ಆದರೂ ಆ ಹೂಳಿನ ಕಥೆ ಕೇಳದ ನೆಂಟಸ್ತಿಕೆ ಇಲ್ಲಿ ಒಂದೂ ಇಲ್ಲ.

2011ರ ಫೆಬ್ರವರಿ 22, ಮಧ್ಯಾಹ್ನ 12.51. ಆ ಕಂಪನಕ್ಕೆ 185 ಜನ ಬಲಿಯಾದರು. ಊರ ನಡುವೆ ಕಟ್ಟಡಗಳು ಕುಸಿದದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಪೂರ್ವದ ಬಡಾವಣೆಗಳ ಪಾಡು ಬೇರೆ. ಅಲ್ಲಿ ಜೌಗು ನೆಲ. ಮರಳು, ನುಣ್ಣನೆ ಮಣ್ಣು, ಸ್ವಲ್ಪ ಅಗೆದರೆ ನೀರು. ನೆಲ ಜೋರಾಗಿ ಅಲುಗಿದಾಗ ಮಣ್ಣಿನ ಹಿಡಿತ ತಪ್ಪಿ, ನೀರು ಮಣ್ಣು ಎರಡೂ ಕೂಡಿ ಮೇಲಕ್ಕೆ ಉಕ್ಕಿದವು. ಅಂಗಳ, ರಸ್ತೆ, ಎಷ್ಟೋ ಕಡೆ ಮನೆಯೊಳಗೂ ಬೂದು ಬಣ್ಣದ ಹೂಳು. ಚರಂಡಿ ಪೈಪುಗಳು ಒಡೆದಿದ್ದರಿಂದ ಅದಕ್ಕೆ ಕೊಳಚೆಯೂ ಸೇರಿತ್ತು.

ನಮ್ಮ ಪಕ್ಕದ ಮನೆಯ ಅಜ್ಜಿ ಆಗ ಆ ಪೂರ್ವದ ಬಡಾವಣೆಗಳಲ್ಲೊಂದಾದ ಬೆಕ್ಸ್‌ಲಿಯಲ್ಲಿದ್ದರು, ಒಬ್ಬರೇ. ಹಿಂಬಾಗಿಲು ತೆಗೆಯಲು ಆಗದಷ್ಟು ಹೂಳು. ಗಂಬೂಟು ಹಾಕಿಕೊಂಡ ಹುಡುಗ ಹುಡುಗಿಯರು ಸಲಿಕೆ, ಒಂಟಿಚಕ್ರದ ಕೈಗಾಡಿ ಹಿಡಿದು ಬಂದರಂತೆ. ಮೊದಲು ಬಾಗಿಲಿಗೆ ದಾರಿ, ಆಮೇಲೆ ಅಂಗಳ. ಎತ್ತಿದ್ದನ್ನೆಲ್ಲ ರಸ್ತೆ ಬದಿಗೆ ರಾಶಿ ಹಾಕಿದರು, ಲಾರಿ ಬಂದು ತುಂಬಿಕೊಂಡು ಹೋಯಿತು. ಒಬ್ಬ ಹುಡುಗಿ ಮಾತ್ರ ಸಲಿಕೆ ಬದಿಗಿಟ್ಟು, ಇವರ ಜೊತೆ ಮೆಟ್ಟಿಲ ಮೇಲೆ ಸುಮ್ನೆ ಕೂತಳಂತೆ. "ಅವಳೂ ಕೆಲಸವನ್ನೇ ಮಾಡ್ತಿದ್ಲು" ಅಂತ ಅಜ್ಜಿ ಈಗಲೂ ಹೇಳುತ್ತಾರೆ.

ಆ ಮಕ್ಕಳು ಸ್ಟೂಡೆಂಟ್ ವಾಲಂಟಿಯರ್ ಆರ್ಮಿಯವರು. ಅದು ಹುಟ್ಟಿದ್ದು 2010ರ ಸೆಪ್ಟೆಂಬರ್‌ನಲ್ಲಿ, 7.1 ತೀವ್ರತೆಯ ಮೊದಲ ಭೂಕಂಪದ ನಂತರ. ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸ್ಯಾಮ್ ಜಾನ್ಸನ್ ಫೇಸ್‌ಬುಕ್‌ನಲ್ಲಿ ಒಂದು ಕರೆ ಕೊಟ್ಟರು, ಅಷ್ಟೇ. ಹುಡುಗರು ಬಂದರು. ಫೆಬ್ರವರಿಯಲ್ಲಿ ಊರು ಮತ್ತೆ ನಡುಗಿದಾಗ ಸಾವಿರಾರು ಮಂದಿ ಸೇರಿದರು. ಕಾಲೇಜಿಗೆ ಆಗಷ್ಟೇ ಕಾಲಿಟ್ಟಿದ್ದ ಹದಿನೆಂಟರ ಮಕ್ಕಳೂ ಅವರಲ್ಲಿದ್ದರು. ತರಗತಿಗಳು ನಿಂತಿದ್ದವು, ಮಕ್ಕಳು ಮನೆಗೆ ಓಡಿಹೋಗಬಹುದಿತ್ತು. ಸುತ್ತಲಿನ ಹಳ್ಳಿಗಳ ರೈತರೂ ಟ್ರ್ಯಾಕ್ಟರ್ ತಂದು ಕೈಜೋಡಿಸಿದರು.

ನನಗೆ ಹಿಡಿಸಿದ್ದು ಅವರ ಹುಮ್ಮಸ್ಸಿಗಿಂತ ಜಾಸ್ತಿ ಅವರ ಲೆಕ್ಕಾಚಾರ. ಯಾವ ಬೀದಿಗೆ ಯಾವ ತಂಡ, ಬಸ್ ಎಲ್ಲಿಂದ, ಊಟ ಯಾರು ತಲುಪಿಸಬೇಕು, ಸಲಿಕೆ ಸಾಕಾ, ಎಲ್ಲವನ್ನೂ ಕೂತು ನೋಡಿಕೊಳ್ಳುವವರು ಇದ್ದರು. ಸಾವಿರ ಜನ ಒಂದೇ ಬೀದಿಗೆ ನುಗ್ಗಿದರೆ ಸಹಾಯಕ್ಕಿಂತ ತೊಂದರೆಯೇ ಹೆಚ್ಚು, ಅಲ್ವಾ?

ಇನ್ನೊಂದು ವಿಷಯ. ಹೂಳು ಖಾಲಿಯಾದ ಮೇಲೆ ಅವರು ಸಂಘ ಮುಚ್ಚಲಿಲ್ಲ. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಹೊರಗೆ ಬರಲಾಗದ ಹಿರಿಯರಿಗೆ ದಿನಸಿ ತಲುಪಿಸಿದ್ದು ಇದೇ ಸಂಸ್ಥೆ. ಈಗ ಹೈಸ್ಕೂಲು ಮಕ್ಕಳಿಗೂ ಅವರದೊಂದು ಕಾರ್ಯಕ್ರಮ ಇದೆ. ಮಾಡಿದ ಸೇವೆಯ ಗಂಟೆಗಳನ್ನು ಮಕ್ಕಳೇ ಬರೆದಿಡುತ್ತಾರೆ, ಅದಕ್ಕೆ ತಕ್ಕ ಬ್ಯಾಡ್ಜ್ ಸಿಗುತ್ತದೆ. ನನ್ನ ಮಗಳು ಶನಿವಾರ ಹೊಳೆದಂಡೆಯಲ್ಲಿ ಸಸಿ ನೆಡಲು ಹೋಗುವುದೂ ಆ ಲೆಕ್ಕಕ್ಕೇ. ಮೊದಲು ಬ್ಯಾಡ್ಜಿನ ಆಸೆಗೆ ಹೋದವಳು ಈಗ ಗೆಳತಿಯರನ್ನೂ ಎಳೆದುಕೊಂಡು ಹೋಗುತ್ತಾಳೆ.

2018ರಲ್ಲಿ ಕೊಡಗಿನ ಗುಡ್ಡ ಕುಸಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆಯ ಹಳ್ಳಿಗಳಿಗೆ ನೀರು ನುಗ್ಗಿದಾಗ ನಮ್ಮ ಹುಡುಗರೂ ಸುಮ್ಮನೆ ಕೂರಲಿಲ್ಲ. ಅಕ್ಕಿ, ಬಟ್ಟೆ, ಹಾಸಿಗೆ ಹೊತ್ತುಕೊಂಡು ಹೋದರು. ಅವರ ಮನಸ್ಸಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೆ ನೀರಿಳಿದ ಮೇಲೆ ಮನೆಯೊಳಗೆ ಉಳಿಯುವ ಕೆಸರನ್ನು ಎತ್ತುವುದಕ್ಕೆ ಅಕ್ಕಿ ಮೂಟೆ ಸಾಲುವುದಿಲ್ಲ, ಕೈಗಳು ಬೇಕು. ವಾರಗಟ್ಟಲೆ ಬೇಕು. 1969ರಿಂದ ನಮ್ಮಲ್ಲಿ ಎನ್‌ಎಸ್‌ಎಸ್ ಇದೆ, ಕಾಲೇಜು ಕಾಲೇಜಿನಲ್ಲಿ ಮಕ್ಕಳಿದ್ದಾರೆ. ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ.

ಮಡಿಕೇರಿ, ಗೋಕಾಕ, ಮುಧೋಳದ ಕಡೆ ಪಿಯು ಕಾಲೇಜಿನಲ್ಲಿ ಪಾಠ ಮಾಡುವವರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮಳೆಗಾಲಕ್ಕೆ ಮುಂಚೆ ನಿಮ್ಮ ಮಕ್ಕಳ ಕೈಲಿ ಒಂದು ಪಟ್ಟಿ ಮಾಡಿಸಿ. ಯಾವ ಓಣಿಯಲ್ಲಿ ವಯಸ್ಸಾದವರು ಒಂಟಿಯಾಗಿದ್ದಾರೆ, ಸಲಿಕೆ, ಬುಟ್ಟಿ, ಗಂಬೂಟು ಎಲ್ಲಿ ಸಿಗುತ್ತವೆ, ಟ್ರ್ಯಾಕ್ಟರ್ ಯಾರ ಹತ್ತಿರ ಇದೆ, ಪಂಚಾಯ್ತಿಯಲ್ಲಿ ಯಾರಿಗೆ ಫೋನ್ ಮಾಡಬೇಕು. ಒಂದು ನೋಟ್‌ಬುಕ್ ಸಾಕು.